ಬ್ಲಾಗ್‌ಸ್ಪಾಟ್‌ನಿಂದ ಸ್ವಂತ ಜಾಗಕ್ಕೆ: ಮಳೆ ಹಿಡಿಯುವ ಮುಂಚೆ ಬ್ಲಾಗ್ ಸಾಗಿಸುವುದು ಹೇಗೆ?

ಕಾಫಿ ಕೊಯ್ಲು ಮುಗಿದು ಕೈ ಸ್ವಲ್ಪ ಖಾಲಿಯಾಯಿತು ಅನ್ನುವಾಗ ಈ ಪ್ರಶ್ನೆ ಬರಲು ಶುರುವಾಗುತ್ತದೆ. "ಹತ್ತು ಹದಿನೈದು ವರ್ಷದಿಂದ ಬ್ಲಾಗ್‌ಸ್ಪಾಟ್‌ನಲ್ಲಿ ಬರೀತಾ ಇದ್ದೇನೆ. ಸ್ವಂತ ವೆಬ್‌ಸೈಟ್‌ಗೆ ತರಬಹುದಾ? ಹಳೇದೆಲ್ಲ ಬರುತ್ತಾ? ಫೋಟೋ ಕಥೆ ಏನು?" ಸೋಮವಾರಪೇಟೆಯ ಮೇಷ್ಟ್ರು ಕೇಳುತ್ತಾರೆ, ನಾಪೋಕ್ಲಿನ ತೋಟದವರು ಕೇಳುತ್ತಾರೆ, ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುವವರೂ ಕೇಳುತ್ತಾರೆ. ಫೋನಿನಲ್ಲಿ ಹೇಳಲು ಹೋದರೆ ಅರ್ಧದಲ್ಲಿ ಸಿಗ್ನಲ್ ಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇಲ್ಲಿರುವುದು ಬ್ಲಾಗರ್‌ನಿಂದ, ಅಂದರೆ ಬ್ಲಾಗ್‌ಸ್ಪಾಟ್ ವಿಳಾಸದಿಂದ, ಸ್ವಂತ ಹೋಸ್ಟಿಂಗ್‌ನಲ್ಲಿರುವ ವರ್ಡ್‌ಪ್ರೆಸ್‌ಗೆ ಹೋಗುವ ದಾರಿ. ಹೋಸ್ಟಿಂಗ್ ಅಂದರೆ ಸೈಟ್ ಇಡಲು ಹಿಡಿಯುವ ಜಾಗ, ವರ್ಡ್‌ಪ್ರೆಸ್ ಅಂದರೆ ಸೈಟ್ ನಡೆಸುವ ತಂತ್ರಾಂಶ. ಬೇರೆ ದಾರಿಗಳೂ ಇವೆ. ನನ್ನನ್ನು ಕೇಳುವವರಲ್ಲಿ ಮುಕ್ಕಾಲು ಪಾಲು ಜನ ಈ ದಾರಿಯ ಬಾಯಲ್ಲೇ ನಿಂತಿರುತ್ತಾರೆ.

ಮೊದಲಿಗೆ, ಸಾಗಿಸಲೇಬೇಕಾ?

ವರ್ಷಕ್ಕೆ ಎರಡೋ ಮೂರೋ ಬರಹ ಹಾಕುವವರಾದರೆ ಬೇಡ. ಸುಮ್ನೆ ತಲೆನೋವು. ಸ್ವಂತ ಹೆಸರಿನ ವಿಳಾಸವೊಂದನ್ನು ಕೊಂಡು ಈಗಿರುವ ಬ್ಲಾಗಿಗೇ ಜೋಡಿಸಿ. ಕೆಳಗಿನ 1 ಮತ್ತು 2ನೇ ಹಂತ ಮಾಡಿ ನಿಲ್ಲಿಸಿದರೆ ಸಾಕು. ಖರ್ಚು ವಿಳಾಸದ್ದಷ್ಟೇ.

ಸಾಗಿಸಬೇಕಾದವರು ಯಾರು? ನೂರಾರು ಬರಹ ಇರುವವರು. ಅದರಲ್ಲೇ ದುಡಿಮೆ ಇರುವವರು. ಪುಟ ಹೀಗೇ ಕಾಣಬೇಕು ಎಂಬ ಹಟ ಇರುವವರು. "ನಾಳೆ ಇದನ್ನು ಮುಚ್ಚಿಬಿಟ್ಟರೆ?" ಎಂದು ಹೆದರುವವರು. ಈ ಹೆದರಿಕೆಗೆ ಕಾರಣ ಇಲ್ಲದಿಲ್ಲ. ಬಿಟ್ಟಿಯಾಗಿ ವೆಬ್‌ಪುಟ ಇಡಲು ಬಿಡುತ್ತಿದ್ದ ಜಿಯೋಸಿಟೀಸ್ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಪೋಸ್ಟರಸ್ ಎಂಬ ಬ್ಲಾಗ್ ಸೇವೆ 2013ರ ಏಪ್ರಿಲ್‌ನಲ್ಲಿ ಹೋಯಿತು. 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿದಾಗ ಅದರ ಮೂಲಕ ಬ್ಲಾಗುಗಳಿಗೆ ಬಂದಿದ್ದ ಪ್ರತಿಕ್ರಿಯೆಗಳೂ ಅಳಿಸಿಹೋದವು. ಬ್ಲಾಗರ್ ಶುರುವಾದದ್ದು 1999ರಲ್ಲಿ, ಗೂಗಲ್ ಅದನ್ನು ಕೊಂಡದ್ದು 2003ರಲ್ಲಿ. ಇಷ್ಟು ವರ್ಷ ಬಾಳಿದೆ, ಇನ್ನೂ ಬಾಳಬಹುದು. ಆದರೆ ನೀವಿರುವುದು ಬಿಟ್ಟಿ ಬಾಡಿಗೆ ಮನೆಯಲ್ಲಿ, ಅಲ್ವಾ?

"ಸ್ವಂತ ಹೋಸ್ಟಿಂಗ್ ಅಂದರೆ ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟು ನಡೆಸುವುದಾ?" ಎಂದೂ ಕೆಲವರು ಕೇಳುತ್ತಾರೆ. ಆ ಆಸೆ ಬಿಡಿ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದರೆ ಯಾವ ಯುಪಿಎಸ್ ತಡೆಯುತ್ತದೆ? ಅದೂ ಅಲ್ಲದೆ ಮನೆ ಇಂಟರ್‌ನೆಟ್ ಕನೆಕ್ಷನ್‌ಗಳಲ್ಲಿ ಬಹಳಷ್ಟಕ್ಕೆ ಸ್ವಂತ ಐಪಿ ವಿಳಾಸ ಇರುವುದಿಲ್ಲ. ಐಪಿ ಅಂದರೆ ಇಂಟರ್‌ನೆಟ್ಟಿನಲ್ಲಿ ಯಂತ್ರಕ್ಕಿರುವ ಮನೆ ನಂಬರ್. ಒಂದೇ ನಂಬರನ್ನು ನೂರಾರು ಮನೆಗೆ ಹಂಚಿರುತ್ತಾರೆ. ಹೊರಗಿನವರು ನಿಮ್ಮ ಮನೆಯ ಕಂಪ್ಯೂಟರನ್ನು ಹುಡುಕಿಕೊಂಡು ಬರಲು ಆಗುವುದಿಲ್ಲ. ನಾವು ಮಾಡುವುದು ಇಷ್ಟೇ: ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವ ಸರ್ವರಿನಲ್ಲಿ, ಅಂದರೆ ಹಗಲು ರಾತ್ರಿ ಓಡುವ ಕಂಪ್ಯೂಟರಿನಲ್ಲಿ, ಸ್ವಲ್ಪ ಜಾಗ ಬಾಡಿಗೆಗೆ ಹಿಡಿಯುವುದು. ಜಾಗ ಬಾಡಿಗೆಯದೇ, ಒಪ್ಪುತ್ತೇನೆ. ವಿಳಾಸ ಮತ್ತು ಸಾಮಾನು ಮಾತ್ರ ನಿಮ್ಮವು. ಬಾಡಿಗೆ ಜಾಸ್ತಿಯಾದರೆ ಗಂಟು ಕಟ್ಟಿಕೊಂಡು ಬೇರೆ ಕಡೆ ಹೋಗಬಹುದು.

ಏನೇನು ಬೇಕು?

ಒಂದು ಕಂಪ್ಯೂಟರ್. ಮೊಬೈಲಿನಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಬ್ಲಾಗಿನ ಗೂಗಲ್ ಖಾತೆಯ ಪಾಸ್‌ವರ್ಡ್. ಇದನ್ನು ಮರೆತವರೇ ಜಾಸ್ತಿ, ಮೊದಲು ಲಾಗಿನ್ ಆಗಿ ನೋಡಿ. ಕಾರ್ಡ್ ಅಥವಾ ಯುಪಿಐ. ಸುಮಾರು ಒಂದು ತಿಂಗಳ ಅವಧಿ, 2ನೇ ಹಂತದಲ್ಲಿ ಕಾಯುವುದನ್ನು ಬಿಟ್ಟು. ದಿನಾ ಕೂರಬೇಕಾಗಿಲ್ಲ, ನಾಲ್ಕೈದು ಭಾನುವಾರ ಸಾಕು.

ಫೆಬ್ರವರಿಯಿಂದ ಮೇ ತನಕ ಈ ಕೆಲಸಕ್ಕೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಹಾಕಬೇಡಿ. ಐದು ನೂರು ಫೋಟೋ ಏರಿಸುತ್ತಿರುವಾಗ ಲೈನ್ ಕಟ್ಟಾದರೆ ಯಾವುದು ಬಂತು, ಯಾವುದು ಬಿಟ್ಟುಹೋಯಿತು ಎಂದು ಹುಡುಕುವುದರಲ್ಲೇ ಮಳೆಗಾಲ ಮುಗಿಯುತ್ತದೆ.

ತೋಟದ ಮನೆಯವರಿಗೆ ಇನ್ನೊಂದು ಮಾತು. ವೈಫೈ ಇರುತ್ತದೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹಣ ಕಟ್ಟುವ ಹೊತ್ತಿಗೆ ಒಟಿಪಿ ಬರುವುದಿಲ್ಲ. ಮೊಬೈಲಿನಲ್ಲಿ ವೈಫೈ ಕಾಲಿಂಗ್ ಹಾಕಿಕೊಂಡು ಮೆಸೇಜ್ ಬರುತ್ತದಾ ನೋಡಿ. ಇಲ್ಲದಿದ್ದರೆ ಹಣ ಕಟ್ಟುವ ಕೆಲಸವನ್ನು ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋದ ದಿನ ಮುಗಿಸಿಬಿಡಿ.

1. ವಿಳಾಸ ಕೊಳ್ಳಿ

ವಿಳಾಸ ಅಂದರೆ ಡೊಮೈನ್. ಜನ ಬ್ರೌಸರಿನಲ್ಲಿ ಟೈಪ್ ಮಾಡುವ ಹೆಸರು. ಅದನ್ನು ಮಾರುವವರಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ವರ್ಷಕ್ಕಿಷ್ಟು ಎಂದು ಕಟ್ಟಬೇಕು. ಡಾಟ್ ಕಾಮ್ ಆಗಬಹುದು, ಡಾಟ್ ಇನ್ ಆಗಬಹುದು. ಕನ್ನಡ ಲಿಪಿಯಲ್ಲೇ ಇರುವ ಡಾಟ್ ಭಾರತ ಕೂಡ ಇದೆ. ಆಸೆಯಾದರೆ ಅದನ್ನು ಎರಡನೆಯ ವಿಳಾಸವಾಗಿ ಇಟ್ಟುಕೊಳ್ಳಿ. ಒಂದೇ ಕೊಳ್ಳುವುದಾದರೆ ಇಂಗ್ಲಿಷ್ ಅಕ್ಷರದ್ದನ್ನೇ ಕೊಳ್ಳಿ, ಫೋನಿನಲ್ಲಿ ಹೇಳಲು ಸುಲಭ.

ಹೆಸರು ಆರಿಸುವಾಗ ನಮ್ಮ ಕೊಡಗಿನವರು ಜಾರುವ ಜಾಗ ಒಂದಿದೆ. ಊರ ಹೆಸರು ಸೇರಿಸುತ್ತಾರೆ. ವಿರಾಜಪೇಟೆಯ ಕೊನೆಯಲ್ಲಿ ಇಂಗ್ಲಿಷಿನ ಇ ಒಂದು ಬರುತ್ತದಾ, ಎರಡು ಬರುತ್ತದಾ, ಬರುವುದೇ ಇಲ್ಲವಾ? ಪೊನ್ನಂಪೇಟೆಯ ನಡುವೆ ಎಮ್ಮಾ, ಎನ್ನಾ? ಬಸ್ಸಿನ ಬೋರ್ಡಿನಲ್ಲಿ ಒಂದು, ಬ್ಯಾಂಕಿನ ಬೋರ್ಡಿನಲ್ಲಿ ಇನ್ನೊಂದು. ಮನೆತನದ ಹೆಸರುಗಳೂ ಹಾಗೇ. ನೀವು ಆರಿಸಿದ ಹೆಸರನ್ನು ಫೋನಿನಲ್ಲಿ ಯಾರಿಗಾದರೂ ಒಂದು ಸಲ ಹೇಳಿ, ಬರೆದುಕೊಳ್ಳಲು ಹೇಳಿ. ತಪ್ಪು ಬರೆದರೆ ಆ ಹೆಸರು ಬೇಡ. ನಡುವೆ ಅಡ್ಡಗೆರೆ, ಅಂಕಿ ಇರುವ ಹೆಸರೂ ಬೇಡ.

ಎಚ್ಚರಿಕೆಗಳು ಮೂರು. ಡೊಮೈನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಬೇಕು. ಸೈಟ್ ಮಾಡಿಕೊಡುವ ಹುಡುಗನ ಹೆಸರಿನಲ್ಲಿ ಅಲ್ಲ, ಅವನು ಎಷ್ಟೇ ಒಳ್ಳೆಯವನಾದರೂ ಸರಿ. ನಾನು ಈ ತಪ್ಪು ಮಾಡಿ, ಆಮೇಲೆ ಹೆಸರು ವಾಪಸ್ ಪಡೆಯಲು ಆರು ತಿಂಗಳು ಫೋನ್ ಮಾಡಿದ್ದೇನೆ. ಎರಡನೆಯದು, ಮೊದಲ ವರ್ಷದ ಜಾಹೀರಾತು ಬೆಲೆ ನೋಡಿ ಮರುಳಾಗಬೇಡಿ. ನವೀಕರಣದ ಬೆಲೆ ನೋಡಿ. ಅದರ ಮೇಲೆ 18% ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ಮೂರನೆಯದು, ಆಟೋ ರಿನ್ಯೂವಲ್ ನಂಬಿ ಕೂರಬೇಡಿ. 2021ರ ಅಕ್ಟೋಬರ್‌ನಿಂದ ಕಾರ್ಡಿನ ತಾನೇ ಕಡಿತಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ವಿದೇಶಿ ಕಂಪನಿಗಳಿಗೆ ಹೋಗಬೇಕಾದ ಹಣ ಎಷ್ಟೋ ಸಲ ಹೋಗುವುದೇ ಇಲ್ಲ. ಕ್ಯಾಲೆಂಡರಿನಲ್ಲಿ ತಾರೀಖು ಗುರುತು ಮಾಡಿ, ಒಂದು ತಿಂಗಳು ಮುಂಚೆಯೇ ಕೈಯಾರೆ ಕಟ್ಟಿ.

2. ಆ ವಿಳಾಸವನ್ನು ಹಳೇ ಬ್ಲಾಗಿಗೇ ಜೋಡಿಸಿ

ಇದು ಜಾಸ್ತಿ ಜನ ಬಿಟ್ಟುಬಿಡುವ ಹಂತ. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮೊದಲು ವಿಳಾಸ ಬದಲಿಸಬೇಕು, ಮನೆ ಬದಲಿಸುವುದು ಆಮೇಲೆ.

ಯಾಕೆ? ನಿಮ್ಮ ಹಳೇ ಬರಹಗಳ ಕೊಂಡಿಗಳು ವಾಟ್ಸಾಪ್ ಗುಂಪುಗಳಲ್ಲಿ, ಫೇಸ್‌ಬುಕ್ಕಿನಲ್ಲಿ, ಬೇರೆಯವರ ಲೇಖನಗಳಲ್ಲಿ, ಗೂಗಲ್ ಹುಡುಕಾಟದಲ್ಲಿ ಚೆಲ್ಲಾಡಿಕೊಂಡಿವೆ. ಅವೆಲ್ಲ ಬ್ಲಾಗ್‌ಸ್ಪಾಟ್ ವಿಳಾಸ ಹೊತ್ತಿವೆ. ಬ್ಲಾಗರ್‌ನಲ್ಲಿ ಸ್ವಂತ ಡೊಮೈನ್ ಜೋಡಿಸಿದರೆ ಹಳೇ ಕೊಂಡಿ ಒತ್ತಿದವರನ್ನು ಅದು ತಾನಾಗಿಯೇ ಹೊಸ ವಿಳಾಸದ ಅದೇ ಪುಟಕ್ಕೆ ಕಳಿಸುತ್ತದೆ. ಒಂದೆರಡು ತಿಂಗಳು ಹೀಗೇ ಬಿಟ್ಟರೆ ಗೂಗಲ್ ಹುಡುಕಾಟವೂ ಹೊಸ ವಿಳಾಸವನ್ನೇ ತೋರಿಸಲು ಶುರುಮಾಡುತ್ತದೆ. ಅಷ್ಟಾದ ಮೇಲೆ ಹಿಂದಿನ ಮನೆ ಬದಲಾದರೂ ಬಾಗಿಲಿಗೆ ಬರುವವರಿಗೆ ಜಾಸ್ತಿ ಗೊತ್ತಾಗುವುದಿಲ್ಲ.

ಜೋಡಿಸುವುದು ಹೀಗೆ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಪಬ್ಲಿಷಿಂಗ್ ಭಾಗಕ್ಕೆ ಹೋಗಿ. ಕಸ್ಟಮ್ ಡೊಮೈನ್ ಒತ್ತಿ, ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಸೇರಿಸಿ ನಿಮ್ಮ ವಿಳಾಸ ಬರೆಯಿರಿ. ಮೊದಲ ಸಲ ಅದು ತಪ್ಪು ತೋರಿಸುತ್ತದೆ, ಗಾಬರಿ ಬೇಡ. ಆ ತಪ್ಪಿನ ಸಂದೇಶದಲ್ಲೇ ಎರಡು ಸಿನೇಮ್ ದಾಖಲೆಗಳನ್ನು ಕೊಟ್ಟಿರುತ್ತದೆ. ಸಿನೇಮ್ ಅಂದರೆ "ಈ ಹೆಸರು ಕೇಳಿ ಬಂದವರನ್ನು ಆ ಹೆಸರಿನ ಕಡೆ ಕಳಿಸು" ಎಂಬ ಚೀಟಿ. ಒಂದು ಚೀಟಿ ಗೂಗಲ್ಲಿನ ಜಿಎಚ್‌ಎಸ್ ಸರ್ವರ್ ಕಡೆಗೆ. ಇನ್ನೊಂದು ಡೊಮೈನ್ ನಿಮ್ಮದೇ ಎಂದು ತೋರಿಸಲಿಕ್ಕೆ. ಎರಡನ್ನೂ ರಿಜಿಸ್ಟ್ರಾರ್ ಸೈಟಿನ ಡಿಎನ್‌ಎಸ್ ಪುಟದಲ್ಲಿ ಹಾಕಿ. ಡಿಎನ್‌ಎಸ್ ಅಂದರೆ ಹೆಸರು ಕೊಟ್ಟರೆ ಐಪಿ ನಂಬರ್ ಹೇಳುವ ಡೈರೆಕ್ಟರಿ. ಅರ್ಧ ಗಂಟೆ ಬಿಟ್ಟು ಬ್ಲಾಗರ್‌ನಲ್ಲಿ ಮತ್ತೆ ಸೇವ್ ಮಾಡಿ. ಆಮೇಲೆ ಎಚ್‌ಟಿಟಿಪಿಎಸ್, ಅಂದರೆ ಬೀಗ ಹಾಕಿದ ಸಂಪರ್ಕ, ಆನ್ ಮಾಡಿ.

3. ಮೂಟೆ ಕಟ್ಟಿ

ಬ್ಲಾಗರ್ ಸೆಟ್ಟಿಂಗ್ಸ್‌ನ ಮ್ಯಾನೇಜ್ ಬ್ಲಾಗ್ ಭಾಗದಲ್ಲಿ ಬ್ಯಾಕಪ್ ತೆಗೆದುಕೊಳ್ಳುವ ಬಟನ್ ಇದೆ. ಗೂಗಲ್ಲಿನಲ್ಲಿರುವ ನಿಮ್ಮ ಮಾಹಿತಿಯನ್ನು ಇಳಿಸಿಕೊಡುವ ಗೂಗಲ್ ಟೇಕ್‌ಔಟ್ ಮೂಲಕವೂ ತೆಗೆಯಬಹುದು. ಸಿಗುವ ಫೈಲಿನಲ್ಲಿ ಬರಹ, ಪುಟ, ಪ್ರತಿಕ್ರಿಯೆ ಎಲ್ಲಾ ಇರುತ್ತದೆ. ಹೆಸರಿನ ಕೊನೆಯಲ್ಲಿ ಎಕ್ಸ್‌ಎಂಎಲ್ ಅಥವಾ ಆಟಮ್ ಎಂದಿರುತ್ತದೆ. ಮುಂದೆ ಬಳಸುವ ಇಂಪೋರ್ಟರ್, ಅಂದರೆ ಈ ಫೈಲನ್ನು ವರ್ಡ್‌ಪ್ರೆಸ್‌ಗೆ ಇಳಿಸುವ ಉಪಕರಣ, ಯಾವುದನ್ನು ಒಪ್ಪುತ್ತದೆ ಎಂದು ಅದರ ವಿವರಣೆಯಲ್ಲಿ ಮೊದಲೇ ಓದಿಕೊಳ್ಳಿ.

ಫೋಟೋಗಳು ಆ ಬರಹದ ಫೈಲಿನಲ್ಲಿ ಇರುವುದಿಲ್ಲ. ಈ ಸಾಲನ್ನು ಎರಡು ಸಲ ಓದಿ. ಫೈಲಿನಲ್ಲಿ ಇರುವುದು ಫೋಟೋದ ವಿಳಾಸ ಮಾತ್ರ. ಫೋಟೋ ಈಗಲೂ ಗೂಗಲ್ಲಿನ ಸರ್ವರಿನಲ್ಲಿದೆ. ಬ್ಲಾಗ್ ಸಾಗಿಸಿ, ಎಲ್ಲಾ ಚೆನ್ನಾಗಿ ಕಾಣುತ್ತಿದೆ ಎಂದು ಖುಷಿಯಲ್ಲಿ ಹಳೇ ಬ್ಲಾಗ್ ಅಳಿಸಿದವರು ಫೋಟೋಗಳನ್ನೂ ಕಳೆದುಕೊಂಡಿದ್ದಾರೆ.

ಬ್ಯಾಕಪ್ ಫೈಲಿನ ಎರಡು ಪ್ರತಿ ಮಾಡಿ. ಒಂದು ಪೆನ್‌ಡ್ರೈವಿನಲ್ಲಿ, ಅದೂ ಬೇರೆ ಮನೆಯಲ್ಲಿ ಇರಲಿ. ಮೈಸೂರಿನಲ್ಲಿ ಓದುತ್ತಿರುವ ಮಗಳ ಹತ್ತಿರ ಆದರೂ ಸರಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಇಳಿದದ್ದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ಲಾಗಿಗಿಂತ ಹಳೆಯ ಬರಹಗಳು ನುಡಿ, ಶ್ರೀಲಿಪಿ, ಹಳೇ ಬರಹ ಫಾಂಟುಗಳಲ್ಲಿ ಬಿದ್ದಿದ್ದರೆ ಅವನ್ನು ಈಗ ಮೂಟೆಗೆ ಸೇರಿಸಬೇಡಿ. ಮೊದಲು ಯೂನಿಕೋಡಿಗೆ, ಅಂದರೆ ಎಲ್ಲಾ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿಗೆ, ಬದಲಿಸಬೇಕು, ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಇದೆಯಾ ಎಂದು ಕಣ್ಣಲ್ಲೇ ಓದಬೇಕು. ಅದೇ ಒಂದು ಬೇರೆ ಕೆಲಸ.

4. ಜಾಗ ಹಿಡಿಯಿರಿ

ಶೇರ್ಡ್ ಹೋಸ್ಟಿಂಗ್ ಸಾಕು. ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ ಇದು, ಲೈನ್ ಮನೆ ಇದ್ದಂತೆ. ವಿಪಿಎಸ್ ಎಂದು ಇನ್ನೊಂದಿದೆ. ಅದು ಒಂಟಿ ಮನೆ, ಪೈಪು ಒಡೆದರೆ ನೀವೇ ರಿಪೇರಿ ಮಾಡಬೇಕು. ಲಿನಕ್ಸ್ ಗೊತ್ತಿಲ್ಲದವರು ಆ ಕಡೆ ಹೋಗಬೇಡಿ.

ಕೇಳಬೇಕಾದ ಪ್ರಶ್ನೆಗಳು: ಸರ್ವರ್ ಭಾರತದಲ್ಲಿದೆಯಾ? ಉಚಿತ ಎಸ್‌ಎಸ್‌ಎಲ್ ಇದೆಯಾ? ದಿನಾ ಬ್ಯಾಕಪ್ ಮಾಡುತ್ತೀರಾ, ಅದನ್ನು ನಾನೇ ಇಳಿಸಿಕೊಳ್ಳಬಹುದಾ? ಎರಡನೇ ವರ್ಷದ ಬೆಲೆ ಎಷ್ಟು? ಎಸ್‌ಎಸ್‌ಎಲ್ ಅಂದರೆ ಬ್ರೌಸರಿಗೂ ಸರ್ವರಿಗೂ ನಡುವಿನ ಮಾತುಕತೆಗೆ ಬೀಗ ಹಾಕುವ ಪ್ರಮಾಣಪತ್ರ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಇದನ್ನು ಬಿಟ್ಟಿಯಾಗಿ ಕೊಡುತ್ತದೆ. ಅವಧಿ ಕೆಲವೇ ವಾರಗಳದ್ದು, ಆಮೇಲೆ ಸರ್ವರೇ ತಾನಾಗಿ ನವೀಕರಿಸಿಕೊಳ್ಳುತ್ತದೆ. ಇದಕ್ಕೆ ಸಾವಿರಾರು ರೂಪಾಯಿ ಕೇಳುವವರ ಹತ್ತಿರ ಹೋಗಬೇಡಿ. "ಅನ್‌ಲಿಮಿಟೆಡ್" ಎಂಬ ಪದಕ್ಕೂ ಬೆಲೆ ಕೊಡಬೇಡಿ. ಫೈಲುಗಳ ಸಂಖ್ಯೆಗೆ ಎಲ್ಲೋ ಒಂದು ಕಡೆ ಸಣ್ಣ ಅಕ್ಷರದಲ್ಲಿ ಮಿತಿ ಬರೆದಿರುತ್ತಾರೆ.

ಡೊಮೈನ್ ಒಂದು ಕಂಪನಿಯಲ್ಲಿ, ಹೋಸ್ಟಿಂಗ್ ಇನ್ನೊಂದರಲ್ಲಿ ಇರಲಿ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಎರಡೂ ಒಂದೇ ಕೈಯಲ್ಲಿದ್ದರೆ ಜಗಳವಾದ ದಿನ ಎರಡೂ ಸಿಕ್ಕಿಕೊಳ್ಳುತ್ತವೆ.

5. ವರ್ಡ್‌ಪ್ರೆಸ್ ಹಾಕಿ

ಗೊಂದಲ ಬೇಡ: ವರ್ಡ್‌ಪ್ರೆಸ್ ಡಾಟ್ ಕಾಮ್ ಒಂದು ಕಂಪನಿಯ ಸೇವೆ. ನಮಗೆ ಬೇಕಾದದ್ದು ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವ ಉಚಿತ ತಂತ್ರಾಂಶ. 2003ರಿಂದ ಇದೆ. ಹೋಸ್ಟಿಂಗ್‌ನ ನಿಯಂತ್ರಣ ಪುಟದಲ್ಲಿ ಒಂದೇ ಬಟನ್ನಿಗೆ ಇನ್‌ಸ್ಟಾಲ್ ಆಗುತ್ತದೆ. ಸದ್ಯಕ್ಕೆ ಹೋಸ್ಟಿಂಗ್‌ನವರು ಕೊಡುವ ತಾತ್ಕಾಲಿಕ ವಿಳಾಸದಲ್ಲೇ ಹಾಕಿ. ಓದುಗರು ನಿಮ್ಮ ನಿಜವಾದ ವಿಳಾಸದಲ್ಲಿ ಹಳೇ ಬ್ಲಾಗನ್ನೇ ಓದುತ್ತಿರಲಿ. ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಚೌಕಕ್ಕೆ ಟಿಕ್ ಹಾಕಿ. ಕೊನೆಯಲ್ಲಿ ಇದನ್ನು ತೆಗೆಯಲು ಮರೆತರೆ ಗೂಗಲ್ಲಿನಲ್ಲಿ ನೀವು ಕಾಣುವುದೇ ಇಲ್ಲ. ಈಗಲೇ ಒಂದು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿ.

ಬಳಕೆದಾರರ ಹೆಸರು ಅಡ್ಮಿನ್ ಎಂದು ಇಡಬೇಡಿ. ಎಲ್ಲಿಂದಲೋ ಸಿಕ್ಕ ಬಿಟ್ಟಿ ಥೀಮ್, ಅಂದರೆ ಸೈಟಿನ ರೂಪದ ಅಚ್ಚು, ಹಾಕಬೇಡಿ. ಹಣ ಕೊಟ್ಟು ಕೊಳ್ಳಬೇಕಾದ ಥೀಮನ್ನು ಯಾರೋ ಬಿಟ್ಟಿ ಕೊಡುತ್ತಿದ್ದರೆ ಅದರೊಳಗೆ ಕಳ್ಳ ಕೂತಿರುತ್ತಾನೆ.

ಡೇಟಾಬೇಸ್, ಅಂದರೆ ಬರಹಗಳೆಲ್ಲ ಕೂರುವ ಉಗ್ರಾಣ, ಯುಟಿಎಫ್8ಎಂಬಿ4 ಎಂಬ ಅಕ್ಷರ ಪದ್ಧತಿಯಲ್ಲಿರಬೇಕು. ಹೊಸದಾಗಿ ಹಾಕಿದರೆ ಸಾಮಾನ್ಯವಾಗಿ ಹಾಗೇ ಇರುತ್ತದೆ. ಕನ್ನಡದ ಬದಲು ಪ್ರಶ್ನೆ ಚಿಹ್ನೆಗಳ ಸಾಲು ಅಥವಾ ತಲೆಯ ಮೇಲೆ ಗೀರು ಇರುವ ಇಂಗ್ಲಿಷ್ ಎ ಅಕ್ಷರಗಳ ಹಿಂಡು ಕಂಡರೆ ಈ ಪದ್ಧತಿ ತಪ್ಪಿದೆ ಎಂದು ಅರ್ಥ. ಮುಂದೆ ಹೋಗದೆ ಅಲ್ಲೇ ನಿಲ್ಲಿ. ಎಲ್ಲಾ ಅಳಿಸಿ ಮತ್ತೆ ಹಾಕುವುದು ಸುಲಭ, ಕೆಟ್ಟ ಅಕ್ಷರಗಳನ್ನು ಆಮೇಲೆ ರಿಪೇರಿ ಮಾಡುವುದು ಕಷ್ಟ.

6. ಬರಹ ಇಳಿಸಿ

ಟೂಲ್ಸ್ ಮೆನುವಿನಲ್ಲಿ ಇಂಪೋರ್ಟ್ ಇದೆ. ಅಲ್ಲಿ ಬ್ಲಾಗರ್ ಇಂಪೋರ್ಟರ್ ಹಾಕಿಕೊಂಡು ಫೈಲ್ ಕೊಡಿ. ದೊಡ್ಡ ಫೈಲ್ ಆದರೆ "ಮಿತಿ ಮೀರಿದೆ" ಎಂಬ ಉತ್ತರ ಬರುತ್ತದೆ. ಸರ್ವರಿನ ಪಿಎಚ್‌ಪಿ ಎಂಬ ತಂತ್ರಾಂಶದಲ್ಲಿ ಒಂದು ಫೈಲ್ ಎಷ್ಟು ದೊಡ್ಡದಿರಬಹುದು, ಒಂದು ಕೆಲಸ ಎಷ್ಟು ಹೊತ್ತು ನಡೆಯಬಹುದು ಎಂಬ ಮಿತಿಗಳಿರುತ್ತವೆ. ನಿಯಂತ್ರಣ ಪುಟದಲ್ಲಿ ಅವನ್ನು ಏರಿಸಬಹುದು. ಗೊತ್ತಾಗದಿದ್ದರೆ ಹೋಸ್ಟಿಂಗ್‌ನವರಿಗೆ ಒಂದು ಸಾಲು ಬರೆಯಿರಿ, ಮಾಡಿಕೊಡುತ್ತಾರೆ.

ಇಳಿದ ಮೇಲೆ ಲೆಕ್ಕ ಹಾಕಿ. ಅಲ್ಲಿ 412 ಇದ್ದರೆ ಇಲ್ಲೂ 412 ಇರಬೇಕು. ಕರಡುಗಳನ್ನು ಬೇರೆ ಎಣಿಸಿ. ಆಮೇಲೆ ತೀರಾ ಹಳೆಯದು, ತೀರಾ ಹೊಸದು, ಪದ್ಯ ಇರುವುದು, ಜಾಸ್ತಿ ಫೋಟೋ ಇರುವುದು, ಹೀಗೆ ಹತ್ತು ತೆರೆದು ಓದಿ. ಪದ್ಯದಲ್ಲಿ ಸಾಲುಗಳು ಒಂದಕ್ಕೊಂದು ಅಂಟಿಕೊಂಡಿರಬಹುದು.

7. ಫೋಟೋ ತನ್ನಿ

ಬರಹದಲ್ಲಿ ಫೋಟೋ ಕಾಣುತ್ತದೆ. ಕಂಡರೂ ಅದು ಇಲ್ಲಿ ಇಲ್ಲ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಬೇರೆ ಟ್ಯಾಬಿನಲ್ಲಿ ತೆರೆದು ವಿಳಾಸ ನೋಡಿ. ಗೂಗಲ್‌ಯೂಸರ್‌ಕಂಟೆಂಟ್ ಅಥವಾ ಬ್ಲಾಗ್‌ಸ್ಪಾಟ್ ಎಂದಿದ್ದರೆ ಫೋಟೋ ಇನ್ನೂ ಹಳೇ ಮನೆಯಲ್ಲೇ ಇದೆ. ಹೊರಗಿನ ಚಿತ್ರಗಳನ್ನು ಎಳೆದು ತಂದು, ಬರಹದೊಳಗಿನ ವಿಳಾಸವನ್ನೂ ಬದಲಿಸುವ ಪ್ಲಗಿನ್‌ಗಳಿವೆ. ಪ್ಲಗಿನ್ ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸುವ ಉಪಕರಣ. ಇತ್ತೀಚೆಗೆ ಅಪ್‌ಡೇಟ್ ಆದದ್ದನ್ನೇ ಆರಿಸಿ.

ಒಂದು ಸೂಕ್ಷ್ಮ ಇದೆ. ಬ್ಲಾಗರ್ ಒಂದೇ ಫೋಟೋವನ್ನು ಹಲವು ಅಳತೆಯಲ್ಲಿ ಕೊಡುತ್ತದೆ. ವಿಳಾಸದ ನಡುವೆ ಎಸ್ ಅಕ್ಷರದ ಜೊತೆ 320 ಅಥವಾ 640 ಎಂದಿರುತ್ತದೆ. ಪ್ಲಗಿನ್ ಸುಮ್ನೆ ಎಳೆದರೆ ಆ ಸಣ್ಣ ಪ್ರತಿಯೇ ಬರುತ್ತದೆ. ನೀವು ತಡಿಯಂಡಮೋಳ್ ಹತ್ತಿ ತೆಗೆದ ಫೋಟೋ ಅಂಚೆಚೀಟಿಯಷ್ಟಾಗುತ್ತದೆ. ಆ ಅಂಕಿಯ ಜಾಗದಲ್ಲಿ 0 ಹಾಕಿದರೆ ಮೂಲ ಅಳತೆ ಸಿಗುತ್ತದೆ. ಹುಡುಕಿ ಬದಲಿಸುವ ಪ್ಲಗಿನ್ ಬಳಸಿ ಎಲ್ಲವನ್ನೂ ಒಂದೇ ಸಲ ಬದಲಿಸಿ, ಆಮೇಲೆ ಎಳೆಯಿರಿ. ಬದಲಿಸುವ ಮುಂಚೆ ಡೇಟಾಬೇಸ್ ಬ್ಯಾಕಪ್ ಕಡ್ಡಾಯ.

ಐವತ್ತು ಐವತ್ತಾಗಿ ಎಳೆಯಿರಿ. ಒಂದೇ ಸಲಕ್ಕೆ ಎಲ್ಲಾ ಎಳೆಯಲು ಹೋದರೆ ಶೇರ್ಡ್ ಹೋಸ್ಟಿಂಗ್ ಉಸಿರುಗಟ್ಟುತ್ತದೆ. ಹೊಸ ಫೋಟೋ ಹಾಕುವಾಗಲೂ ಮೊಬೈಲಿನ 4 ಎಂಬಿ ಫೋಟೋವನ್ನು ಹಾಗೇ ಏರಿಸಬೇಡಿ. 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ. ಗಾಳಿಬೀಡಿನ ತಿರುವಿನಲ್ಲಿ ಒಂದು ಗೆರೆ ಸಿಗ್ನಲ್ ಇರುವವರೂ ಓದಬೇಕಲ್ಲ.

8. ಕೊಂಡಿಗಳನ್ನು ಕಾಪಾಡಿ

ಇಲ್ಲಿ ಕನ್ನಡದಂತೆ ಇಂಗ್ಲಿಷ್ ಅಲ್ಲದ ಲಿಪಿಯಲ್ಲಿ ಬರೆಯುವವರಿಗೆ ಬರುವ ತೊಂದರೆ ಇದೆ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದನ್ನು ನಾನು ನೋಡಿಲ್ಲ.

ಬ್ಲಾಗರ್ ಶೀರ್ಷಿಕೆಯ ಇಂಗ್ಲಿಷ್ ಅಕ್ಷರಗಳನ್ನಷ್ಟೇ ತೆಗೆದುಕೊಂಡು ಪುಟದ ವಿಳಾಸ ಮಾಡುತ್ತದೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಅದಕ್ಕೆ ಏನೂ ಸಿಗುವುದಿಲ್ಲ. ಆಗ "ಬ್ಲಾಗ್ ಪೋಸ್ಟ್" ಎಂದೇ ಹೆಸರಿಡುತ್ತದೆ. ಎರಡನೆಯದಕ್ಕೆ ಬಾಲದಲ್ಲಿ ಒಂದು ಅಂಕಿ. ನಿಮ್ಮ ಬ್ಲಾಗ್ ತೆರೆದು ನೋಡಿ, ಎಲ್ಲಾ ಬರಹದ್ದೂ ಹೆಚ್ಚೂಕಡಿಮೆ ಇದೇ ಹೆಸರು. ಬ್ಲಾಗರ್‌ನಲ್ಲಿ ಇದರಿಂದ ತೊಂದರೆಯಿಲ್ಲ. ವರ್ಷ, ತಿಂಗಳು ಮುಂದೆ ಇರುವುದರಿಂದ 2010ರ ಜುಲೈನ ಬ್ಲಾಗ್ ಪೋಸ್ಟ್ ಬೇರೆ, ಆಗಸ್ಟಿನ ಬ್ಲಾಗ್ ಪೋಸ್ಟ್ ಬೇರೆ. ವರ್ಡ್‌ಪ್ರೆಸ್ ಇದನ್ನು ಒಪ್ಪುವುದಿಲ್ಲ. ಇಡೀ ಸೈಟಿನಲ್ಲಿ ಒಂದು ಹೆಸರು ಒಂದೇ ಬರಹಕ್ಕೆ. ಎರಡನೆಯದಕ್ಕೆ ತಾನೇ ಬೇರೆ ಹೆಸರು ಕೊಟ್ಟುಬಿಡುತ್ತದೆ. ಅಲ್ಲಿಗೆ ಹಳೇ ಕೊಂಡಿ ಸತ್ತಿತು.

ಮೊದಲು ಸೆಟ್ಟಿಂಗ್ಸ್‌ನ ಪರ್ಮಲಿಂಕ್ ಪುಟದಲ್ಲಿ, ಅಂದರೆ ಬರಹದ ಶಾಶ್ವತ ವಿಳಾಸದ ಮಾದರಿ ಇಡುವಲ್ಲಿ, ಕಸ್ಟಮ್ ಆರಿಸಿ. ವರ್ಷ, ತಿಂಗಳು, ಬರಹದ ಹೆಸರು, ಕೊನೆಗೆ ಡಾಟ್ ಎಚ್‌ಟಿಎಂಎಲ್ ಎಂಬ ಮಾದರಿ ಕೊಡಿ. ಇಂಗ್ಲಿಷ್ ಶೀರ್ಷಿಕೆಯವು, ಹೆಸರು ಡಿಕ್ಕಿಯಾಗದವು ಇಷ್ಟರಲ್ಲೇ ಬಹುಪಾಲು ಸರಿಹೋಗುತ್ತವೆ. ಉಳಿದವಕ್ಕೆ ರಿಡೈರೆಕ್ಟ್ ಬೇಕು, ಅಂದರೆ "ಹಳೇ ವಿಳಾಸ ಕೇಳಿದರೆ ಹೊಸದಕ್ಕೆ ಕಳಿಸು" ಎಂಬ ಪಟ್ಟಿ. ಇಂಪೋರ್ಟರ್ ಪ್ರತಿ ಬರಹದ ಹಳೇ ವಿಳಾಸವನ್ನು ಅದರ ಕಸ್ಟಮ್ ಫೀಲ್ಡ್‌ನಲ್ಲಿ, ಅಂದರೆ ಬರಹದ ಜೊತೆಗಿರುವ ಟಿಪ್ಪಣಿಯ ಜಾಗದಲ್ಲಿ, ಬರೆದಿಟ್ಟಿರುತ್ತದೆ. ಅದನ್ನು ಎಕ್ಸೆಲ್ ಹಾಳೆಗೆ ತೆಗೆದು, ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಇಟ್ಟು, ರಿಡೈರೆಕ್ಷನ್ ಎಂಬ ಪ್ಲಗಿನ್‌ಗೆ ಕೊಡಿ. ಬೇಜಾರಿನ ಕೆಲಸ, ಒಂದು ಭಾನುವಾರ ಪೂರ್ತಿ ಬೇಕು. ಮನೆಯಲ್ಲಿ ಯಾರಾದರೂ ಹೈಸ್ಕೂಲ್ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಎರಡನೇ ತೊಂದರೆ ಮೊಬೈಲಿನದು. ಬ್ಲಾಗರ್ ಮೊಬೈಲಿನಲ್ಲಿ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ, ಎಂ, ಸಮ ಚಿಹ್ನೆ, 1 ಎಂದು ಬಾಲ ಅಂಟಿಸುತ್ತದೆ. ವಾಟ್ಸಾಪಿನಲ್ಲಿ ಹಂಚಿದ ಕೊಂಡಿಗಳಲ್ಲಿ ಈ ಬಾಲ ತುಂಬಾ ಸಾಮಾನ್ಯ. ವರ್ಡ್‌ಪ್ರೆಸ್‌ಗೆ ಅದೇ ಎಂ ಅಕ್ಷರ ತಿಂಗಳಿನ ಗುರುತು. ಅದು ಇಸವಿ 1ರ ಬರಹ ಹುಡುಕಲು ಹೋಗಿ "ಪುಟ ಸಿಗಲಿಲ್ಲ" ಎನ್ನುತ್ತದೆ! ಈ ಬಾಲ ಕತ್ತರಿಸುವ ಎರಡು ಸಾಲನ್ನು ಸರ್ವರಿನ ನಿಯಮಗಳಿರುವ ಎಚ್‌ಟಿಆಕ್ಸೆಸ್ ಎಂಬ ಫೈಲಿಗೆ ಸೇರಿಸಬೇಕು. ಹೋಸ್ಟಿಂಗ್‌ನವರಿಗೆ ಹೇಳಿದರೆ ಮಾಡಿಕೊಡುತ್ತಾರೆ.

ಇನ್ನು ಮುಂದೆ ಬರೆಯುವ ಬರಹಗಳಿಗೆ ವಿಳಾಸದ ಹೆಸರನ್ನು ನೀವೇ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ವರ್ಡ್‌ಪ್ರೆಸ್ ಕನ್ನಡ ಶೀರ್ಷಿಕೆಯಿಂದಲೇ ವಿಳಾಸ ಮಾಡುತ್ತದೆ ನಿಜ. ಆದರೆ ಒಳಗೆ ಕನ್ನಡದ ಪ್ರತಿ ಅಕ್ಷರ, ಪ್ರತಿ ಕೊಂಬು ಶೇಕಡಾ ಚಿಹ್ನೆ ಸೇರಿದ 9 ಅಕ್ಷರಗಳಾಗುತ್ತದೆ, ಒತ್ತಿಗೆ ಅದರ ಎರಡರಷ್ಟು. "ಹುತ್ತರಿ" ಎಂಬ ಪದ ಒಂದಕ್ಕೇ 63. ವರ್ಡ್‌ಪ್ರೆಸ್ ಇಡುವುದು 200 ಅಕ್ಷರ ಮಾತ್ರ. ಮೂರು ಪದ ಆಗುವಷ್ಟರಲ್ಲಿ ಕತ್ತರಿ ಬೀಳುತ್ತದೆ.

9. ಬಾಗಿಲು ತಿರುಗಿಸಿ

ಹಿಂದಿನ ದಿನವೇ ಡಿಎನ್‌ಎಸ್ ಪುಟದಲ್ಲಿ ಟಿಟಿಎಲ್ ಅನ್ನು 300ಕ್ಕೆ ಇಳಿಸಿ. ಬೇರೆಯವರು ನಿಮ್ಮ ವಿಳಾಸವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬೇಕು ಎಂಬ ಅಂಕಿ ಅದು. ಹಳೇ ಬ್ಲಾಗಿನಲ್ಲಿ ಈ ನಡುವೆ ಹೊಸ ಬರಹ ಹಾಕಿದ್ದರೆ ಅದನ್ನೂ ತಂದುಕೊಳ್ಳಿ. ಮರುದಿನ ಬೆಳಗ್ಗೆ ಗೂಗಲ್ ಕಡೆಗಿದ್ದ ಸಿನೇಮ್ ಚೀಟಿ ತೆಗೆದು ಹೋಸ್ಟಿಂಗ್‌ನವರು ಕೊಟ್ಟ ಐಪಿ ಹಾಕಿ. ಆ ದಾಖಲೆಗೆ ಎ ರೆಕಾರ್ಡ್ ಎನ್ನುತ್ತಾರೆ. ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನಲ್ಲಿ ತಾತ್ಕಾಲಿಕ ವಿಳಾಸದ ಜಾಗಕ್ಕೆ ನಿಜವಾದದ್ದನ್ನು ಬರೆಯಿರಿ. ಎಸ್‌ಎಸ್‌ಎಲ್ ಹಾಕಿ. ಬಾಗಿಲು ತಿರುಗಿದ ಮೇಲೆಯೇ ಅದು ಸಿಗುವುದರಿಂದ ಸ್ವಲ್ಪ ಹೊತ್ತು "ಸುರಕ್ಷಿತವಲ್ಲ" ಎಂದು ಕಾಣಬಹುದು. ಮೇಜಿಗೆ ಅಂಟಿಸಿದ ಚೀಟಿ ನೋಡಿ ಆ ಟಿಕ್ ತೆಗೆಯಿರಿ.

ಹಬ್ಬದ ದಿನ, ಮದುವೆಗೆ ಹೊರಟ ದಿನ ಇದನ್ನು ಮಾಡಬೇಡಿ. ಆ ಇಡೀ ದಿನ ಕಂಪ್ಯೂಟರ್ ಹತ್ತಿರ ಇರಬೇಕು.

ಬ್ಲಾಗರ್‌ನಲ್ಲಿ ಕಸ್ಟಮ್ ಡೊಮೈನ್ ಸೆಟ್ಟಿಂಗ್ ಹಾಗೇ ಇರಲಿ, ತೆಗೆಯಬೇಡಿ. ಹಳೇ ಬ್ಲಾಗ್‌ಸ್ಪಾಟ್ ಕೊಂಡಿಗಳನ್ನು ಹೊಸ ವಿಳಾಸಕ್ಕೆ ಕಳಿಸುತ್ತಿರುವುದು ಅದೇ. ಸೈಟ್ ಈಗ ಬ್ಲಾಗರ್‌ನಲ್ಲಿ ಇಲ್ಲದ ಕಾರಣ "ಬೇರೆ ಕಡೆ ಹೋಗುತ್ತಿದ್ದೀರಿ, ಮುಂದುವರಿಯಲೇ?" ಎಂಬ ಪುಟ ನಡುವೆ ಬರಬಹುದು. ಓದುಗರಿಗೆ ಒಂದು ಮಾತು ಹೇಳಿಡಿ. ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲಿ ಫೀಡ್ ರಿಡೈರೆಕ್ಟ್ ಎಂಬ ಜಾಗವಿದೆ, ಅಲ್ಲಿ ಹೊಸ ಸೈಟಿನ ಫೀಡ್ ವಿಳಾಸ ಕೊಡಿ. ಫೀಡ್ ಅಂದರೆ ಹೊಸ ಬರಹಗಳನ್ನು ಚಂದಾದಾರರಿಗೆ ತಲುಪಿಸುವ ಪಟ್ಟಿ.

10. ಆಮೇಲಿನ ಕೆಲಸ

ಮೊದಲ ವಾರ ರಿಡೈರೆಕ್ಷನ್ ಪ್ಲಗಿನ್‌ನಲ್ಲಿ 404 ಪಟ್ಟಿ ನೋಡುತ್ತಿರಿ. ಸಿಗದ ಪುಟಗಳ ಲೆಕ್ಕ ಅದು. ದಿನಕ್ಕೆ ಐದಾರು ಸರಿಮಾಡಿ. ಸೈಟ್ ನಡೆಸುವವರಿಗಾಗಿ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ಹೊಸ ಸೈಟ್‌ಮ್ಯಾಪ್, ಅಂದರೆ ನಿಮ್ಮ ಪುಟಗಳ ಪಟ್ಟಿ, ಕೊಡಿ. ಫಾಂಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ನೋಟೊ ಸಾನ್ಸ್ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ ಹಾಕಿ, ಸಾಲುಗಳ ನಡುವಿನ ಜಾಗ ಸ್ವಲ್ಪ ಜಾಸ್ತಿ ಮಾಡಿ. ಇಂಗ್ಲಿಷಿಗೆ ಅಳತೆ ಮಾಡಿದ ಥೀಮುಗಳಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

ವರ್ಡ್‌ಪ್ರೆಸ್, ಥೀಮ್, ಪ್ಲಗಿನ್ ಮೂರನ್ನೂ ಅಪ್‌ಡೇಟ್ ಮಾಡುತ್ತಿರಬೇಕು. ಈವರೆಗೆ ಗೂಗಲ್ ಮಾಡುತ್ತಿದ್ದ ಕಾವಲು ಈಗ ನಿಮ್ಮದು. ತಿಂಗಳಿಗೊಮ್ಮೆ ಪೂರ್ತಿ ಬ್ಯಾಕಪ್ ಇಳಿಸಿಕೊಳ್ಳಿ. ಮೇ ಕೊನೆಯಲ್ಲಿ ಒಂದು ತಪ್ಪಿಸಬೇಡಿ. ಆ ಬ್ಯಾಕಪ್‌ನಿಂದ ಸೈಟ್ ಮತ್ತೆ ಎಬ್ಬಿಸಲು ಆಗುತ್ತದಾ ಎಂದು ಒಮ್ಮೆಯಾದರೂ ಬೇರೆ ಕಡೆ ಹಾಕಿ ನೋಡಿ. ತೆರೆದೇ ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

ಹಳೇ ಬ್ಲಾಗನ್ನು ಅಳಿಸಬೇಡಿ, ಪ್ರೈವೇಟ್ ಕೂಡ ಮಾಡಬೇಡಿ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 2 ವರ್ಷ ಯಾರೂ ಬಳಸದ ಗೂಗಲ್ ಖಾತೆಯನ್ನು ಅಳಿಸುವ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಬ್ಲಾಗಿಗೆಂದೇ ಬೇರೆ ಖಾತೆ ಮಾಡಿಕೊಂಡಿದ್ದವರು ಹುಷಾರು. ಆ ಖಾತೆ ಹೋದರೆ ಬ್ಲಾಗ್ ಹೋಯಿತು, ಹಳೇ ಕೊಂಡಿಗಳನ್ನು ಕಳಿಸುವ ದಾರಿಯೂ ಹೋಯಿತು. ಡೊಮೈನ್ ಹಣ ಕಟ್ಟುವ ದಿನವೇ ಆ ಖಾತೆಗೂ ಒಮ್ಮೆ ಲಾಗಿನ್ ಆಗಿ ಬನ್ನಿ.